ಪಾಠ 9: ಪುಟ್ಟಮ್ಮನ ಕೋಳಿ ಉಳಿಯಿತು

ಪುಟ್ಟಮ್ಮನ ಹಿತ್ತಲಲ್ಲಿ ಒಂದು ನಾಟಿ ಕೋಳಿ ಇದೆ. ಅದಕ್ಕೆ ಹತ್ತು ಮರಿಗಳು. ಮರಿಗಳಿಗೆ ಮೂರು ವಾರ. ಮರಿ ದೊಡ್ಡವಾದರೆ ಮಾರಬಹುದು. ಆ ದುಡ್ಡಿನಲ್ಲಿ ಮಗಳಿಗೆ ಸ್ಕೂಲ್ ಬ್ಯಾಗು ತರಬೇಕು. ಕೋಳಿಯ ದುಡ್ಡು ಪುಟ್ಟಮ್ಮನ ಕೈದುಡ್ಡು. ಅದಕ್ಕೆ ಯಾರನ್ನೂ ಕೇಳಬೇಕಾಗಿಲ್ಲ.

ಒಂದು ಮಧ್ಯಾಹ್ನ ಕೋಳಿ ಜೋರಾಗಿ ಕಿರುಚಿತು. ಪುಟ್ಟಮ್ಮ ಹಿತ್ತಲಿಗೆ ಓಡಿದಳು. ಬೇಲಿಯ ಕಂಡಿಯಿಂದ ಮುಂಗುಸಿ ನುಗ್ಗಿತ್ತು. ಮರಿಗಳನ್ನು ಕಾಯಲು ತಾಯಿಕೋಳಿ ಅದರ ಮೇಲೆ ಬಿದ್ದಿತ್ತು. ಪುಟ್ಟಮ್ಮ ದೂರದಿಂದಲೇ ಕೋಲು ಬಡಿದು ಕೂಗಿದಳು. ಮುಂಗುಸಿ ಓಡಿತು. ಒಂದು ಮರಿಯನ್ನು ಕಚ್ಚಿಕೊಂಡೇ ಹೋಯಿತು. ತಾಯಿಕೋಳಿಯ ಬೆನ್ನಿನಿಂದ ರಕ್ತ ಸೋರುತ್ತಿತ್ತು.

ಅತ್ತೆ ಬಂದು ನೋಡಿದರು.

"ಇದು ಉಳಿಯಾಕಿಲ್ಲ ಕಣೆ. ಸಾಯೋದ್ರೊಳಗೆ ಕುಯ್ದು ಸಾರು ಮಾಡು" ಅಂದರು.

"ಬ್ಯಾಡ ಕಣತ್ತೆ. ತಾಯಿ ಹೋದ್ರೆ ಮರಿಗಳ ಗತಿ ಏನು? ಕಣ್ಣು ಬಿಡ್ತಾ ಇದೆ. ಕಾಲೂ ಊರ್ತಾ ಇದೆ. ಒಂದು ಕೈ ನೋಡೋಣ" ಅಂದಳು ಪುಟ್ಟಮ್ಮ.

ಹಳೆ ಬಟ್ಟೆ ಹಾಕಿ ಕೋಳಿಯನ್ನು ಮೆಲ್ಲಗೆ ಹಿಡಿದಳು. ರೆಕ್ಕೆ ಬಡಿಯದ ಹಾಗೆ ಸುತ್ತಿದಳು. ಎದೆಯನ್ನು ಬಿಗಿಯಲಿಲ್ಲ. ಎದೆ ಬಿಗಿದರೆ ಕೋಳಿಗೆ ಉಸಿರಾಡಲು ಆಗುವುದಿಲ್ಲ.

ಶುದ್ಧ ಬಟ್ಟೆಯಿಂದ ಗಾಯವನ್ನು ಒತ್ತಿ ಹಿಡಿದಳು. ಐದು ನಿಮಿಷ ಕೈ ತೆಗೆಯಲಿಲ್ಲ. ರಕ್ತ ನಿಂತಿತು.

"ಸೀಮೆಎಣ್ಣೆ ಹಚ್ಚಲಾ? ಸುಣ್ಣ ತರಲಾ?" ಅಂದರು ಅತ್ತೆ.

"ಅದೆಲ್ಲ ಚರ್ಮ ಸುಡ್ತದೆ ಅತ್ತೆ. ಒಂದಿಷ್ಟು ನೀರು ಕಾಯ್ಸಿ ಕೊಡಿ."

ಒಂದು ಲೀಟರ್ ನೀರು ಕುದಿಸಿದರು. ಎರಡು ಸಣ್ಣ ಚಮಚ ಉಪ್ಪು ಹಾಕಿದರು. ನೀರು ಉಗುರುಬೆಚ್ಚಗಾಯಿತು. ಗಾಯದ ಸುತ್ತಲಿನ ಪುಕ್ಕವನ್ನು ಪುಟ್ಟಮ್ಮ ಕತ್ತರಿಯಿಂದ ಕತ್ತರಿಸಿದಳು. ಪುಕ್ಕ ಕೀಳಲಿಲ್ಲ. ಉಪ್ಪುನೀರು ಹೊಯ್ದು ಮಣ್ಣು, ಕಸ ಎಲ್ಲ ತೊಳೆದಳು. ಆಮೇಲೆ ಅಂಗಡಿಯಿಂದ ಪೊವಿಡೋನ್ ಅಯೋಡಿನ್ ಮುಲಾಮು ತಂದಳು. ಟ್ಯೂಬಿನ ಮೇಲಿನ ತಾರೀಕು ಓದಿದಳು. ಅವಧಿ ಮುಗಿದಿರಲಿಲ್ಲ. ತೆಳ್ಳಗೆ ಹಚ್ಚಿದಳು. ಸೋಪು ಹಾಕಿ ಕೈ ತೊಳೆದಳು.

ಕೋಳಿಯನ್ನು ಮಿಕ್ಕ ಕೋಳಿಗಳ ಜೊತೆ ಬಿಡಲಿಲ್ಲ. ರಕ್ತ ಕಂಡರೆ ಬೇರೆ ಕೋಳಿಗಳು ಕುಕ್ಕುತ್ತವೆ. ಕುಕ್ಕಿ ಕುಕ್ಕಿ ಕೊಂದೇ ಬಿಡುತ್ತವೆ. ಒಳಮನೆಯಲ್ಲಿ ಒಣ ಗೋಣಿ ಹಾಸಿ ಮಂಕರಿ ಕವುಚಿದಳು. ನೀರು, ಅಕ್ಕಿನುಚ್ಚು ಹತ್ತಿರ ಇಟ್ಟಳು. ಬಾಯಿಗೆ ನೀರು ಹೊಯ್ಯಲಿಲ್ಲ. ಹೊಯ್ದರೆ ಶ್ವಾಸಕ್ಕೆ ಹೋಗುತ್ತದೆ. ಮರಿಗಳನ್ನು ಪಕ್ಕದಲ್ಲೇ ಇನ್ನೊಂದು ಮಂಕರಿಯಲ್ಲಿ ಬೆಚ್ಚಗೆ ಇಟ್ಟಳು.

ಮಾರನೆಯ ದಿನ ಕೋಳಿಯನ್ನು ಪಶು ಆಸ್ಪತ್ರೆಗೆ ಒಯ್ದಳು. ಡಾಕ್ಟರು ಪುಕ್ಕ ಸರಿಸಿ ನೋಡಿದರು.

"ಹಲ್ಲಿನ ಗಾಯ ಮೇಲೆ ಸಣ್ಣದು, ಒಳಗೆ ಆಳ. ಒಳಗೇ ಕೀವು ಆಗ್ತದೆ. ನೀನು ತೊಳೆದು ತಂದಿದ್ದು ಒಳ್ಳೇದಾಯ್ತು ಕಣಮ್ಮ" ಅಂದರು. ಔಷಧಿ ಕೊಟ್ಟರು. "ನಾನು ಹೇಳುವ ದಿನದವರೆಗೆ ಇದರ ಮೊಟ್ಟೆ, ಮಾಂಸ ತಿನ್ನಬೇಡಿ. ಮಾರಲೂ ಬೇಡಿ" ಅಂದರು.

ಪುಟ್ಟಮ್ಮ ಆ ತಾರೀಕನ್ನು ಕ್ಯಾಲೆಂಡರಿನಲ್ಲಿ ಬರೆದುಕೊಂಡಳು. ದಿನಕ್ಕೆ ಎರಡು ಸಲ ಗಾಯ ನೋಡಿದಳು. ನೊಣ ಕೂರದ ಹಾಗೆ ಮಂಕರಿಗೆ ತೆಳು ಬಟ್ಟೆ ಹೊದಿಸಿದಳು. ನೊಣ ಕೂತರೆ ಗಾಯದಲ್ಲಿ ಹುಳ ಬೀಳುತ್ತದೆ.

ಹತ್ತನೇ ದಿನಕ್ಕೆ ಗಾಯ ಒಣಗಿ ಹಕ್ಕಳೆ ಕಟ್ಟಿತು. ಹಕ್ಕಳೆ ಉದುರಿದ ಮೇಲೆ ಪುಟ್ಟಮ್ಮ ಮಂಕರಿ ಎತ್ತಿದಳು. ಒಂಬತ್ತು ಮರಿಗಳೂ ತಾಯಿಯ ಹಿಂದೆ ಓಡಿದವು.

ಅತ್ತೆ ನಕ್ಕರು. "ನೀನು ಗೆದ್ದೆ ಬುಡವ್ವ" ಅಂದರು. ತಾವೇ ಮುಳ್ಳು ತಂದು ಬೇಲಿಯ ಕಂಡಿ ಮುಚ್ಚಿದರು.

ನೆನಪಿಡಿ

● ಮುಂಗುಸಿ ಹಗಲಲ್ಲೇ ಬರುತ್ತದೆ. ಕಾಡುಬೆಕ್ಕು ರಾತ್ರಿ ಬರುತ್ತದೆ. ಬೇಲಿಯ ಬುಡದ ಪೊದೆ ಸವರಿ. ಸಂಜೆ ಗೂಡಿನ ಬಾಗಿಲು ಭದ್ರ ಮಾಡಿ.
● ಮುಂಗುಸಿ, ನಾಯಿ, ಬೆಕ್ಕನ್ನು ಕೈಯಿಂದ ಹಿಡಿಯಲು ಹೋಗಬೇಡಿ. ಅವು ನಿಮಗೆ ಕಚ್ಚಿದರೆ, ಪರಚಿದರೆ ಸೋಪು ಹಾಕಿ 15 ನಿಮಿಷ ಹರಿಯುವ ನೀರಲ್ಲಿ ತೊಳೆಯಿರಿ. ಅಂದೇ ಆಸ್ಪತ್ರೆಗೆ ಹೋಗಿ. ಹುಚ್ಚುನಾಯಿ ರೋಗ ಬಂದರೆ ಜೀವ ಉಳಿಯುವುದಿಲ್ಲ. ಸಮಯಕ್ಕೆ ಸೂಜಿ ಹಾಕಿಸಿದರೆ ರೋಗ ಬರುವುದಿಲ್ಲ.
● ಕೋಳಿಯ ಹೊಟ್ಟೆ ಹರಿದಿದ್ದರೆ, ಮೂಳೆ ಮುರಿದಿದ್ದರೆ, ಗಾಯ ನಾರುತ್ತಿದ್ದರೆ ತಡಮಾಡಬೇಡಿ. ಪಶು ವೈದ್ಯರಿಗೆ ತೋರಿಸಿ. ಸಹಾಯ ಕೇಳಲು ಫೋನ್ ನಂಬರ್ 1962.

ಓದಿ, ಉತ್ತರ ಹೇಳಿ

1. ಪುಟ್ಟಮ್ಮ ಗಾಯಕ್ಕೆ ಸೀಮೆಎಣ್ಣೆ ಏಕೆ ಹಚ್ಚಲಿಲ್ಲ?
2. ಗಾಯವಾದ ಕೋಳಿಯನ್ನು ಬೇರೆ ಇಡುವುದು ಏಕೆ?
3. ಪುಟ್ಟಮ್ಮನಿಗೆ ಓದು ಬರಹ ಎಲ್ಲೆಲ್ಲಿ ಉಪಯೋಗಕ್ಕೆ ಬಂತು?

ಲೆಕ್ಕ ಮಾಡಿ

ಉಳಿದ ಮರಿಗಳು 9. ಒಂದಕ್ಕೆ 150 ರೂಪಾಯಿ ಸಿಕ್ಕರೆ ಒಟ್ಟು ಎಷ್ಟು?

ಬರೆಯಿರಿ

ಮಂಕರಿ, ಮುಲಾಮು, ಮುಂಗುಸಿ, ಹಕ್ಕಳೆ.

ಮಾತಾಡಿ

ನಿಮ್ಮ ಮನೆಯಲ್ಲಿ ಕೋಳಿಯ ದುಡ್ಡು ಯಾರ ಕೈ ಸೇರುತ್ತದೆ?