ಸರ್ಕಾರಿ ನೌಕರನ ಸಂಬಳ ಏರುವ ಬಗೆ

ನಮ್ಮ ಸಾಸ್ವೆಹಳ್ಳಿ ಹೋಬಳಿಯ ಕಟ್ಟೆಗಳ ಮೇಲೆ ಮಳೆ ಬೆಳೆಗಳ ಮಾತು ಮುಗಿದ ಮೇಲೆ ಬರುವ ಮಾತು ಸರ್ಕಾರಿ ಕೆಲಸದ್ದು. ಒಕ್ಕಲುತನದ ಆದಾಯ ಒಂದು ವರ್ಷ ಏರಿದರೆ ಮತ್ತೊಂದು ವರ್ಷ ಇಳಿಯುತ್ತದೆ. ತಿಂಗಳ ಸಂಬಳವಾದರೋ ಏರುವುದಲ್ಲದೆ ಇಳಿಯುವುದಿಲ್ಲವೆಂಬುದು ಜನರ ನಂಬಿಕೆ. ನಮ್ಮಲ್ಲಿ ಅನೇಕರು ನಾಳೆ ಆ ಕೆಲಸಗಳ ಪರೀಕ್ಷೆಗೆ ಕೂರುವವರು. ಆದರೆ ಆ ಸಂಬಳ ಹೇಗೆ ಏರುತ್ತದೆಂದು ಕೇಳಿದರೆ ಸರಿಯಾಗಿ ಹೇಳಬಲ್ಲವರು ವಿರಳ. ಆದುದರಿಂದ ಆ ವಿಚಾರವನ್ನು ಇಲ್ಲಿ ಸಂಗ್ರಹವಾಗಿ ನೋಡೋಣ.

ಸಂಬಳ ಏರುವ ದಾರಿಗಳು ಮುಖ್ಯವಾಗಿ ಮೂರು: ವಾರ್ಷಿಕ ವೇತನ ಬಡ್ತಿ, ತುಟ್ಟಿಭತ್ಯೆ ಮತ್ತು ವೇತನ ಪರಿಷ್ಕರಣೆ. ಈ ಮೂರನ್ನೂ ಒಂದೇ ಎಂದು ತಿಳಿಯುವುದರಿಂದಲೇ ಬಹುಪಾಲು ಗೊಂದಲ ಹುಟ್ಟುತ್ತದೆ.

೧. ವಾರ್ಷಿಕ ವೇತನ ಬಡ್ತಿ

ಪ್ರತಿಯೊಂದು ಹುದ್ದೆಗೂ ಒಂದು ವೇತನ ಶ್ರೇಣಿಯುಂಟು. ಶ್ರೇಣಿಯೆಂದರೆ ಒಂದು ಏಣಿ. ೨೦೨೪ರಲ್ಲಿ ಜಾರಿಗೆ ಬಂದ ಪರಿಷ್ಕರಣೆಯಂತೆ ದ್ವಿತೀಯ ದರ್ಜೆ ಸಹಾಯಕನ ಶ್ರೇಣಿ ೩೪,೧೦೦ ರೂಪಾಯಿಗಳಿಂದ ೬೭,೬೦೦ ರೂಪಾಯಿಗಳವರೆಗೆ. ಸೇರಿದಾತನಿಗೆ ಒಂದು ವರ್ಷದ ಸೇವೆ ಕಳೆದರೆ ೮೦೦ ರೂಪಾಯಿ ಸೇರಿ ೩೪,೯೦೦ ಆಗುತ್ತದೆ. ಇನ್ನೊಂದು ವರ್ಷಕ್ಕೆ ೩೫,೭೦೦. ಅಲ್ಲಿಂದ ಮುಂದೆ ಮೆಟ್ಟಿಲು ೯೦೦ ರೂಪಾಯಿಯದು. ಮೇಲೆ ಹೋದಂತೆ ಮೆಟ್ಟಿಲೂ ದೊಡ್ಡದಾಗುತ್ತದೆ.

ಇದು ಮೇಲಧಿಕಾರಿ ಮೆಚ್ಚಿ ಕೊಡುವ ಬಹುಮಾನವಲ್ಲ; ಸಲ್ಲಿಸಿದ ಸೇವೆಗೆ ನಿಯಮದಂತೆ ಸಲ್ಲುವ ಹಕ್ಕು. ಅದನ್ನು ತಡೆಹಿಡಿಯಬೇಕಾದರೆ ೧೯೫೭ರ ಶಿಸ್ತು ನಿಯಮಗಳ ಪ್ರಕಾರ ವಿಚಾರ ನಡೆಸಿ ದಂಡನೆಯಾಗಿ ವಿಧಿಸಬೇಕು. ಆ ದಂಡನೆಯಲ್ಲಿಯೂ ಎರಡು ಬಗೆ. ಸಂಚಿತ ಪರಿಣಾಮವಿಲ್ಲದೆ ಒಂದು ಬಡ್ತಿಯನ್ನು ಒಂದು ವರ್ಷ ತಡೆದರೆ, ವರ್ಷ ಕಳೆದ ಮೇಲೆ ನೌಕರ ತನ್ನ ಮೆಟ್ಟಿಲಿಗೆ ಮರಳಿ ಬರುತ್ತಾನೆ. ಸಂಚಿತ ಪರಿಣಾಮ ಸಹಿತವಾಗಿ ತಡೆದರೆ, ಆತ ನಿವೃತ್ತಿಯವರೆಗೂ ಒಂದು ಮೆಟ್ಟಿಲು ಕೆಳಗೇ ಉಳಿಯುತ್ತಾನೆ. ಆದೇಶದ ಒಂದೇ ಪದದಿಂದ ಇಷ್ಟು ಅಂತರ! ಆದುದರಿಂದ ತನ್ನ ಸೇವಾ ಪುಸ್ತಕದಲ್ಲಿ ಏನು ಬರೆದಿದೆಯೆಂದು ನೋಡಿಕೊಳ್ಳುವುದು ನೌಕರನಿಗೆ ಒಳ್ಳೆಯದು.

೨. ತುಟ್ಟಿಭತ್ಯೆ

ಅಕ್ಕಿ ಬೇಳೆಗಳ ಬೆಲೆ ಏರಿದಾಗ ಅದೇ ಸಂಬಳದಿಂದ ಕೊಳ್ಳುವ ಸಾಮಾನು ಕಡಿಮೆಯಾಗುತ್ತದೆ. ಆ ಕೊರತೆಯನ್ನು ತುಂಬಲು ಮೂಲ ವೇತನದ ಮೇಲೆ ಶೇಕಡಾವಾರು ಲೆಕ್ಕದಲ್ಲಿ ಕೊಡುವುದೇ ತುಟ್ಟಿಭತ್ಯೆ. ಬೆಲೆ ಸೂಚ್ಯಂಕವನ್ನು ಅನುಸರಿಸಿ ಜನವರಿ ಮತ್ತು ಜುಲೈ ತಿಂಗಳುಗಳಿಂದ ಅನ್ವಯವಾಗುವಂತೆ ಇದು ಪರಿಷ್ಕೃತವಾಗುತ್ತದೆ. ಕೇಂದ್ರ ಸರ್ಕಾರ ಏರಿಸಿದ ಮೇಲೆ ನಮ್ಮ ರಾಜ್ಯ ತನ್ನದೇ ಪ್ರಮಾಣದಲ್ಲಿ ಏರಿಸುವುದು ವಾಡಿಕೆ. ೨೦೨೫ರ ಜನವರಿಯಿಂದ ರಾಜ್ಯದ ದರ ಶೇ. ೧೦.೭೫ರಿಂದ ೧೨.೨೫ಕ್ಕೆ ಏರಿತು.

ಇದನ್ನು ಲಾಭವೆನ್ನುವುದು ತಪ್ಪು. ಬಾವಿಯ ನೀರು ಇಳಿದಾಗ ಹಗ್ಗವನ್ನು ಉದ್ದ ಮಾಡಿದಂತೆ ಇದು. ಕೊಡ ತುಂಬುವುದು ಹಿಂದಿನಷ್ಟೇ. ಆದರೆ ಮೂಲ ವೇತನ ಏರಿದರೆ ಭತ್ಯೆಗಳೂ ಅದರ ಬೆನ್ನಿಗೆ ಏರುತ್ತವೆ. ಮೇಲಿನ ೮೦೦ ರೂಪಾಯಿ ಬಡ್ತಿಗೆ ಶೇ. ೧೨.೨೫ರ ದರದಲ್ಲಿ ೯೮ ರೂಪಾಯಿ ತುಟ್ಟಿಭತ್ಯೆಯೂ, ಹಳ್ಳಿಗಳಿಗೆ ಅನ್ವಯಿಸುವ ಶೇ. ೭.೫ರ ದರದಲ್ಲಿ ೬೦ ರೂಪಾಯಿ ಮನೆ ಬಾಡಿಗೆ ಭತ್ಯೆಯೂ ಸೇರಿ ೯೫೮ ಆಗುತ್ತದೆ. ಬೆಂಗಳೂರಿನಲ್ಲಿ ಬಾಡಿಗೆ ಭತ್ಯೆ ಶೇ. ೨೦ ಇರುವುದರಿಂದ ಅಲ್ಲಿ ಇನ್ನೂ ಹೆಚ್ಚು.

೩. ವೇತನ ಪರಿಷ್ಕರಣೆ

೧೯೫೬ರ ನವೆಂಬರ್ ೧ರಂದು ರಾಜ್ಯ ಒಂದುಗೂಡಿದಾಗ ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗು ಹೀಗೆ ಐದು ಆಡಳಿತಗಳ ನೌಕರರು ಒಂದೇ ಕಚೇರಿಗೆ ಬಂದರು. ಕೆಲಸ ಒಂದೇ, ಸಂಬಳ ಬೇರೆ ಬೇರೆ. ಅವನ್ನು ಸರಿದೂಗಿಸುವ ಕೆಲಸದಿಂದ ರಾಜ್ಯದ ವೇತನ ಪರಿಷ್ಕರಣೆಯ ಕಥೆ ಆರಂಭವಾಯಿತು. ಕೆ. ಸುಧಾಕರ ರಾವ್ ಅವರ ಅಧ್ಯಕ್ಷತೆಯ ಏಳನೆಯ ವೇತನ ಆಯೋಗ ೨೦೨೨ರಲ್ಲಿ ನೇಮಕವಾಗಿ ೨೦೨೪ರ ಮಾರ್ಚಿಯಲ್ಲಿ ವರದಿ ಕೊಟ್ಟಿತು. ನಡುವೆ ೨೦೨೩ರ ಮಾರ್ಚಿ ೧ರಂದು ನೌಕರರು ಮುಷ್ಕರ ಹೂಡಲು, ಸರ್ಕಾರ ಶೇ. ೧೭ರ ಮಧ್ಯಂತರ ಪರಿಹಾರ ಘೋಷಿಸಿತು.

ಈ ಪರಿಷ್ಕರಣೆಯಲ್ಲಿ ಕನಿಷ್ಠ ಮೂಲ ವೇತನ ೧೭,೦೦೦ದಿಂದ ೨೭,೦೦೦ಕ್ಕೆ ಏರಿತು. "ಒಮ್ಮೆಗೇ ಹತ್ತು ಸಾವಿರ!" ಎಂದು ಜನ ಬೆರಗಾದರು. ಲೆಕ್ಕ ಹಾಕಿ ನೋಡೋಣ. ಹಳೆಯ ೧೭,೦೦೦ಕ್ಕೆ ೨೦೨೨ರ ಜುಲೈ ೧ರಂದು ಇದ್ದ ಶೇ. ೩೧ರ ತುಟ್ಟಿಭತ್ಯೆ, ಅಂದರೆ ೫,೨೭೦ ರೂಪಾಯಿ, ವಿಲೀನವಾಯಿತು. ಅದರ ಮೇಲೆ ಶೇ. ೨೭.೫ರ ಹೆಚ್ಚಳ ೪,೬೭೫. ಒಟ್ಟು ೨೬,೯೪೫, ಮುಂದಿನ ಮೆಟ್ಟಿಲು ೨೭,೦೦೦. ೫,೨೭೦ ರೂಪಾಯಿ ಮೊದಲೇ ಕೈಗೆ ಬರುತ್ತಿದ್ದುದು. ಉಳಿದ ೪,೭೩೦ರಲ್ಲಿಯೂ ಮಧ್ಯಂತರ ಪರಿಹಾರದ ೨,೮೯೦ ಆಗಲೇ ಸೇರಿತ್ತು. ಹಿಂದಿನ ದಿನಾಂಕದಿಂದ ಲೆಕ್ಕ ಹಿಡಿದರೂ ಹಣ ದೊರೆತದ್ದು ೨೦೨೪ರ ಆಗಸ್ಟ್ ೧ರಿಂದ ಮಾತ್ರ.

ನಮ್ಮ ಅಧ್ಯಾಪಕರ ಏಣಿ ಬೇರೆ. ಯು.ಜಿ.ಸಿ. ವೇತನದಲ್ಲಿ ಬಡ್ತಿ ಇಂತಿಷ್ಟು ರೂಪಾಯಿಯೆಂದಿಲ್ಲ, ಶೇ. ೩ರ ಲೆಕ್ಕ. ೫೭,೭೦೦ ಇದ್ದದ್ದು ಮರುವರ್ಷ ೫೯,೪೦೦ ಆಗುತ್ತದೆ. ಇಲ್ಲಿ ಬಡ್ತಿಯ ಮೇಲೂ ಬಡ್ತಿ ಬೆಳೆಯುವುದು ಚಕ್ರಬಡ್ಡಿಯ ರೀತಿ.

ಏಣಿಯೇ ಇಲ್ಲದವರು

ಈ ಲೆಕ್ಕವನ್ನು ತಿಳಿದ ಮೇಲೆ ಒಂದು ಪ್ರಶ್ನೆ ಉಳಿಯುತ್ತದೆ. ಅದೇ ಕಾಲೇಜಿನಲ್ಲಿ ಅದೇ ಪಾಠ ಹೇಳುವ ಅತಿಥಿ ಉಪನ್ಯಾಸಕರಿಗೆ, ಅಂಗನವಾಡಿಯ ಕಾರ್ಯಕರ್ತೆಗೆ ದೊರೆಯುವುದು ಗೌರವಧನ. ಅದಕ್ಕೆ ಶ್ರೇಣಿಯಿಲ್ಲ, ವಾರ್ಷಿಕ ಬಡ್ತಿಯಿಲ್ಲ, ಸೂಚ್ಯಂಕದೊಡನೆ ಏರುವ ಭತ್ಯೆಯೂ ಇಲ್ಲ. ಸರ್ಕಾರ ಮನಸ್ಸು ಮಾಡಿದಾಗ ಮಾತ್ರ ಏರುತ್ತದೆ. ಹತ್ತು ವರ್ಷದ ಅನುಭವ ಒಬ್ಬರಿಗೆ ಹತ್ತು ಮೆಟ್ಟಿಲು, ಇನ್ನೊಬ್ಬರಿಗೆ ಬರಿಯ ಹತ್ತು ವರ್ಷ. ಸಂತೆಯಲ್ಲಿ ಬೇಳೆಯ ಬೆಲೆ ಇಬ್ಬರಿಗೂ ಒಂದೇ.

ಅತ್ತ ಈ ಎಲ್ಲ ಸಂಬಳವೂ ಬರುವುದು ರೈತ, ಕೂಲಿಕಾರರೂ ಸೇರಿ ಜನರು ಕೊಡುವ ತೆರಿಗೆಯಿಂದ. ಏರಿಕೆಯನ್ನು ಹಕ್ಕೆಂದು ಕೇಳುವ ನೌಕರ, ಆ ಜನ ಕಚೇರಿಯ ಬಾಗಿಲಿಗೆ ಬಂದಾಗ ಸರಿಯಾದ ಸೇವೆಯನ್ನು ಹಕ್ಕೆಂದು ಕೇಳಿದರೆ ಬೇಸರಪಡಬಾರದು. ನಾಳೆ ನಮ್ಮಲ್ಲಿ ಯಾರು ಆ ಕುರ್ಚಿಯಲ್ಲಿ ಕೂತರೂ ಈ ಎರಡು ಲೆಕ್ಕಗಳನ್ನೂ ಮರೆಯದಿರಲಿ.