ಬಿಡದಿಯ ಎರಡು ಹಳೆಯ ಗಾಡಿ, ಒಂದೇ ಮನೆಯ ಲೆಕ್ಕ

ಹಳೆಯ ಕ್ವಾಲಿಸ್ ಕೊಳ್ಳುವುದೋ, ಮೊದಲ ತಲೆಮಾರಿನ ಇನ್ನೋವಾ ಕೊಳ್ಳುವುದೋ? ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ತುಂಬು ಕುಟುಂಬಗಳಲ್ಲಿ ಈ ಚರ್ಚೆ ಇನ್ನೂ ನಿಂತಿಲ್ಲ. ಎರಡೂ ಇಲ್ಲೇ ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ತಯಾರಾದವು. ಕ್ವಾಲಿಸ್ 2000ದಲ್ಲಿ ರಸ್ತೆಗಿಳಿಯಿತು; 2005ರಲ್ಲಿ ಅದರ ಜಾಗಕ್ಕೆ ಇನ್ನೋವಾ ಬಂತು. ಈ ಅಂಕಣಕಾರರ ಕುಟುಂಬದಲ್ಲಿ ಎರಡೂ ಇವೆ. 2003ರ ಕ್ವಾಲಿಸ್ ಕನಕಪುರದ ಬಳಿ ಅಣ್ಣನ ತೋಟದ ಮನೆಯಲ್ಲಿ, 2010ರ ಇನ್ನೋವಾ ಚನ್ನಪಟ್ಟಣದಲ್ಲಿ ಅವರ ಬಳಿಯೇ. ಖರ್ಚು ಬರೆದಿಡುವ ಪುಸ್ತಕ ಒಂದೇ.

ಕ್ವಾಲಿಸ್‌ನ 2.4 ಲೀಟರ್ ಡೀಸೆಲ್ ಎಂಜಿನ್‌ಗೆ ಟರ್ಬೊ ಇಲ್ಲ. ಶಕ್ತಿ 75 ಅಶ್ವಶಕ್ತಿ. ಇನ್ನೋವಾದ 2.5 ಲೀಟರ್ ಎಂಜಿನ್‌ಗೆ ಟರ್ಬೊ ಮತ್ತು ಕಾಮನ್ ರೈಲ್ ಇದೆ. ಅಲ್ಲಿ 102 ಅಶ್ವಶಕ್ತಿ. ಮಾಗಡಿ ಕಡೆಯ ಏರಿನಲ್ಲಿ ಎಂಟು ಜನ ಕೂತಿದ್ದಾಗ ಕ್ವಾಲಿಸ್‌ಗೆ ಗೇರ್ ಇಳಿಸಲೇಬೇಕು. ಇನ್ನೋವಾ ಅದೇ ಗೇರಿನಲ್ಲಿ ಹತ್ತುತ್ತದೆ. ಬೆಂಗಳೂರು–ಮೈಸೂರು ದಶಪಥದಲ್ಲಂತೂ ಹೋಲಿಕೆಯೇ ಇಲ್ಲ. ಹಿಂದೆ ಕಾಯಿಲ್ ಸ್ಪ್ರಿಂಗ್ ಇರುವ ಇನ್ನೋವಾದಲ್ಲಿ ಸೊಂಟನೋವಿರುವ ಅಮ್ಮನನ್ನು ಮೈಸೂರಿನ ಆಸ್ಪತ್ರೆಗೆ ಕರೆದೊಯ್ದರೂ ಅವರಿಗೆ ಆಯಾಸವಾಗುವುದಿಲ್ಲ.

ತೋಟದ ಕೆಲಸಕ್ಕೆ ಮಾತ್ರ ಕ್ವಾಲಿಸ್ಸೇ ಸೈ. ಹಿಂದಿನ ಲೀಫ್ ಸ್ಪ್ರಿಂಗ್ ಭಾರಕ್ಕೆ ಹೇಳಿ ಮಾಡಿಸಿದ್ದು. ಹಿಂಬದಿ ಸೀಟು ಮಡಚಿ, ರೇಷ್ಮೆಗೂಡಿನ ಚೀಲ ತುಂಬಿಕೊಂಡು ಅಣ್ಣ ರಾಮನಗರದ ಮಾರುಕಟ್ಟೆಗೆ ಹೊರಡುತ್ತಾರೆ. ಅದರ ಡೀಸೆಲ್ ಪಂಪು ಯಾಂತ್ರಿಕವಾದದ್ದು; ಊರಿನ ಮೆಕ್ಯಾನಿಕ್ ಸ್ಪ್ಯಾನರ್ ಹಿಡಿದೇ ಬಹುಪಾಲು ಕೆಲಸ ಮುಗಿಸುತ್ತಾನೆ. ಇನ್ನೋವಾಗೆ ಸ್ಕ್ಯಾನರ್ ಇರುವ ಗ್ಯಾರೇಜು ಬೇಕು, ಚೊಕ್ಕ ಡೀಸೆಲ್ ಬೇಕು.

ಇನ್ನು ಸರ್ಕಾರಕ್ಕೆ, ವಿಮೆಗೆ ಕಟ್ಟುವ ದುಡ್ಡು. 1500 ಸಿಸಿ ಮೀರಿದ ಖಾಸಗಿ ಕಾರಿಗೆ ಥರ್ಡ್ ಪಾರ್ಟಿ ಪ್ರೀಮಿಯಂ ವರ್ಷಕ್ಕೆ 7,897 ರೂಪಾಯಿ. ಇದರಲ್ಲಿ ಎರಡಕ್ಕೂ ಭೇದವಿಲ್ಲ. ಭೇದವಿರುವುದು ನೋಂದಣಿ ನವೀಕರಣದಲ್ಲಿ. 15 ವರ್ಷ ದಾಟಿದ ಕಾರಿನ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು. 2025ರ ಆಗಸ್ಟ್‌ನ ಅಧಿಸೂಚನೆಯಂತೆ 20 ವರ್ಷ ದಾಟಿದ್ದಕ್ಕೆ 10,000. ನವೀಕರಣ ಐದು ವರ್ಷಕ್ಕೊಮ್ಮೆ. ಹಂಚಿ ನೋಡಿದರೆ ಕ್ವಾಲಿಸ್‌ಗೆ ವರ್ಷಕ್ಕೆ 1,000 ರೂಪಾಯಿ ಹೆಚ್ಚು.

ಮೈಲೇಜ್ ವಿಚಾರದಲ್ಲಿ ಜನ ಬಹಳ ತಲೆ ಕೆಡಿಸಿಕೊಳ್ಳುತ್ತಾರೆ. ಕ್ವಾಲಿಸ್ ಲೀಟರಿಗೆ 11, ಇನ್ನೋವಾ 12 ಕಿ.ಮೀ. ಕೊಡುತ್ತದೆ, ಡೀಸೆಲ್ 91 ರೂಪಾಯಿ ಎಂದಿಟ್ಟುಕೊಳ್ಳೋಣ. ವರ್ಷಕ್ಕೆ 6,000 ಕಿ.ಮೀ. ಓಡಿಸುವವರಿಗೆ ಇನ್ನೋವಾದಿಂದ ಉಳಿಯುವುದು ಸುಮಾರು 4,100 ರೂಪಾಯಿ. ಇಂಜೆಕ್ಟರ್ ಕೆಲಸ ಒಂದು ಬಂದರೆ ಆ ಉಳಿತಾಯ ಅಲ್ಲಿಗೇ ಮುಗಿಯಿತು. 20,000 ಕಿ.ಮೀ. ಓಡಿಸುವವರಿಗೆ ಉಳಿಯುವುದು ಸುಮಾರು 13,800. ಆಗ ಇನ್ನೋವಾದ ದುಬಾರಿ ರಿಪೇರಿಗೂ ಅರ್ಥ ಬರುತ್ತದೆ.

ಅಣ್ಣನ ಗಾಡಿ ಓಡುವುದು ತೋಟ, ಸಂತೆ, ಗೂಡಿನ ಮಾರುಕಟ್ಟೆಯ ನಡುವೆ ಅಷ್ಟೆ. ಅದಕ್ಕೇ ಕ್ವಾಲಿಸ್ ಮಾರಿಬಿಡೋಣ ಎಂದು ಮನೆಯಲ್ಲಿ ಮಾತು ಬಂದಾಗಲೆಲ್ಲ ಅಂಕಣಕಾರರು ಬೇಡ ಎಂದೇ ಹೇಳಿದ್ದಾರೆ.

ಹೊಸದಾಗಿ ಕೊಳ್ಳುವವರು ಮೊದಲು ತಮ್ಮ ವರ್ಷದ ಓಡಾಟ ಲೆಕ್ಕ ಹಾಕಿ, ಆಮೇಲೆ ಆರ್‌ಸಿಯ ಗಡುವು ನೋಡಬೇಕು. ಕ್ವಾಲಿಸ್ ಆದರೆ ಚಾಸಿಯ ತುಕ್ಕು, ಇನ್ನೋವಾ ಆದರೆ ಇಂಜೆಕ್ಟರ್ ಪರೀಕ್ಷೆ. ನವೀಕರಣ ಹತ್ತಿರವಿದ್ದರೆ ಆ ಶುಲ್ಕವನ್ನು ಕೇಳಿದ ಬೆಲೆಯಿಂದ ಕಳೆದೇ ಚೌಕಾಸಿಗೆ ಕೂರಬೇಕು.