ಸ್ತನ ಕ್ಯಾನ್ಸರಿನ ಚಿಕಿತ್ಸೆ ಮುಗಿದ ಮೇಲೆ ರೈತ ಮಹಿಳೆಯ ದುಡಿಮೆ ಮತ್ತು ವಿಶ್ರಾಂತಿ

ಭಾರತದ ಮಹಿಳೆಯರಲ್ಲಿ ಕಂಡುಬರುವ ಕ್ಯಾನ್ಸರುಗಳ ಪೈಕಿ ಇಂದು ಸ್ತನದ ಕ್ಯಾನ್ಸರಿಗೆ ಮೊದಲ ಸ್ಥಾನ. ಶಸ್ತ್ರಚಿಕಿತ್ಸೆ, ಕಿಮೊಥೆರಪಿ, ವಿಕಿರಣ ಚಿಕಿತ್ಸೆಗಳನ್ನು ಮುಗಿಸಿಕೊಂಡು ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಿಂದಲೋ ಜಿಲ್ಲಾ ಕೇಂದ್ರದ ಆಸ್ಪತ್ರೆಯಿಂದಲೋ ಊರಿಗೆ ಮರಳಿದ ಮಹಿಳೆಯರು ಹಳ್ಳಿಗಳಲ್ಲಿಯೂ ಇದ್ದಾರೆ. ಆಸ್ಪತ್ರೆಯವರು ಕೊಟ್ಟ ಕಾಗದದಲ್ಲಿ ಮಾತ್ರೆಯ ಹೆಸರು, ಮುಂದಿನ ತಪಾಸಣೆಯ ದಿನ ಇರುತ್ತವೆ. ಆದರೆ ದಿನಕ್ಕೆ ಎಷ್ಟು ನಡೆಯಬೇಕು, ಎಷ್ಟು ಹೊತ್ತು ಕೂಡಬೇಕು, ಬಿಂದಿಗೆ ಎತ್ತಬಹುದೇ, ಕುಡುಗೋಲು ಹಿಡಿಯಬಹುದೇ ಎಂಬ ಪ್ರಶ್ನೆಗಳಿಗೆ ಬಹುಮಟ್ಟಿಗೆ ಮನೆಯವರೇ ಉತ್ತರ ಹೇಳುತ್ತಾರೆ.

ಆ ಉತ್ತರದಲ್ಲಿ ಎರಡು ಬಗೆ. ಕೆಲವು ಮನೆಗಳಲ್ಲಿ "ನೀನು ಏನೂ ಮುಟ್ಟಬೇಡವ್ವ, ಸುಮ್ಮನೆ ಕೂತಿರು" ಎನ್ನುತ್ತಾರೆ. ಆಳುಗಳ ಅಭಾವವಿರುವ ಮನೆಯಲ್ಲಿ ಕಳೆ ತೆಗೆಯುವ ಹಂಗಾಮು ಬಂದರೆ, ದೇಹಕ್ಕೆ ಶಕ್ತಿ ಮರಳುವ ಮೊದಲೇ ಆಕೆ ಹೊಲಕ್ಕಿಳಿಯಬೇಕಾಗುತ್ತದೆ. ಎರಡನೆಯದರ ಕೆಡುಕು ಎಲ್ಲರ ಕಣ್ಣಿಗೂ ಕಾಣುತ್ತದೆ. ಮೊದಲನೆಯದು ಅಕ್ಕರೆಯಿಂದ ಬಂದ ಮಾತಾದುದರಿಂದ ಅದರಿಂದಾಗುವ ಹಾನಿ ಬೇಗ ಗಮನಕ್ಕೆ ಬರುವುದಿಲ್ಲ.

ಚಿಕಿತ್ಸೆಯ ನಂತರ ಉಳಿಯುವ ದಣಿವು ದಿನವಿಡೀ ನಾಟಿ ಹಾಕಿದಾಗ ಆಗುವ ದಣಿವಿನಂತಲ್ಲ. ನಾಟಿಯ ದಣಿವು ರಾತ್ರಿಯ ನಿದ್ರೆಯಿಂದ ಹೋಗುತ್ತದೆ. ಇದು ಮಲಗಿ ಎದ್ದರೂ ಹಾಗೆಯೇ ಇರುತ್ತದೆ, ಕೆಲವರಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಹೆಚ್ಚು ಮಲಗಿದಷ್ಟೂ ಸ್ನಾಯುಗಳು ಕರಗುತ್ತವೆ. ಸ್ನಾಯು ಕರಗಿದ ಮೇಲೆ ಸಣ್ಣ ಕೆಲಸವೂ ಭಾರವೆನಿಸಿ ಮತ್ತೆ ಮಲಗಬೇಕೆನ್ನಿಸುತ್ತದೆ. ಈ ಸುತ್ತನ್ನು ಮುರಿಯಲು ಗುಣವಾದ ಉಪಾಯವೆಂದರೆ ಸ್ವಲ್ಪಸ್ವಲ್ಪವಾಗಿ ಹೆಚ್ಚಿಸುವ ನಡಿಗೆ. ಕ್ರಮಬದ್ಧ ವ್ಯಾಯಾಮದಿಂದ ದಣಿವು, ಕಳವಳ ಮತ್ತು ಮನಸ್ಸಿನ ಕುಗ್ಗುವಿಕೆ ಕಡಮೆಯಾಗುತ್ತವೆ ಎಂಬುದು ಅನೇಕ ಪ್ರಯೋಗಗಳಿಂದ ಸ್ಥಿರಪಟ್ಟಿದೆ. ಅಮೆರಿಕದಲ್ಲಿ ಈ ರೋಗ ಬಂದಿದ್ದ 2987 ಮಂದಿ ದಾದಿಯರನ್ನು ಹಲವು ವರ್ಷ ಗಮನಿಸಿ 2005ರಲ್ಲಿ ಪ್ರಕಟಿಸಿದ ವರದಿಯಲ್ಲಿ, ವಾರಕ್ಕೆ 3ರಿಂದ 5 ಗಂಟೆ ಸಾಧಾರಣ ವೇಗದಲ್ಲಿ ನಡೆಯುವಷ್ಟು ಚಟುವಟಿಕೆಯಿದ್ದವರಲ್ಲಿ ಮರಣದ ಪ್ರಮಾಣ ಕಡಮೆಯಿತ್ತು. ಆರೋಗ್ಯ ಚೆನ್ನಾಗಿದ್ದವರೇ ಹೆಚ್ಚು ನಡೆದಿರಬಹುದಾದ್ದರಿಂದ ಇದನ್ನು ಪೂರ್ತಿ ನಡಿಗೆಯ ಫಲವೆಂದು ಎಣಿಸಲಾಗದು. ನಡಿಗೆ ಮಾತ್ರೆಗೆ ಬದಲಿಯಲ್ಲ, ವೈದ್ಯರು ಬರೆದ ಮಾತ್ರೆಯನ್ನು ಬಿಡಬಾರದು.

ಕುಳಿತು ಮಾಡುವ ಕೆಲಸ

ರೈತ ಮಹಿಳೆಗೆ ಕುಳಿತಿರುವ ಹೊತ್ತೆಲ್ಲಿ ಸಿಗುತ್ತದೆ ಎಂದು ಕೇಳುವವರುಂಟು. ಲೆಕ್ಕ ಹಾಕಿ ನೋಡಿದರೆ ತಿಳಿಯುತ್ತದೆ. ಮೆಣಸಿನಕಾಯಿ ತೊಟ್ಟು ಬಿಡಿಸುವುದು, ಸೇಂಗಾ ಸುಲಿಯುವುದು, ಹೂ ಕಟ್ಟುವುದು, ರೇಷ್ಮೆ ಗೂಡು ಬಿಡಿಸುವುದು, ಕಾಳು ಆರಿಸುವುದು ಇವೆಲ್ಲ ಗಂಟೆಗಟ್ಟಲೆ ಒಂದೇ ಕಡೆ ಕುಳಿತು ಮಾಡುವ ಕೆಲಸಗಳು. ಚಿಕಿತ್ಸೆ ಪಡೆದು ಬಂದವಳಿಗೆ "ಹಗುರ ಕೆಲಸ" ಎಂದು ಮನೆಯವರು ವಹಿಸುವುದೂ ಇವನ್ನೇ. ಸಂಜೆ ದೂರದರ್ಶನದ ಮುಂದೆ ಎರಡು ಗಂಟೆ ಸೇರಿದರೆ ಎಚ್ಚರವಿರುವ ಸಮಯದ ಬಹುಭಾಗ ಅಲ್ಲಿಗೇ ಮುಗಿಯಿತು. ಕೈ ದುಡಿಯುತ್ತಿದ್ದರೂ ತೊಡೆ, ಮೀನಖಂಡಗಳ ದೊಡ್ಡ ಸ್ನಾಯುಗಳು ಸುಮ್ಮನಿರುತ್ತವೆ. ರಕ್ತದಲ್ಲಿನ ಸಕ್ಕರೆಯನ್ನು ಬಳಸಿಕೊಳ್ಳುವುದು ಮುಖ್ಯವಾಗಿ ಈ ಸ್ನಾಯುಗಳೇ. ಟಾಮಾಕ್ಸಿಫೆನ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಸ್ವಲ್ಪ ಹೆಚ್ಚಿರುವುದರಿಂದ ಅಂಥವರು ಅಲುಗಾಡದೆ ಕೂಡುವುದು ಇನ್ನೂ ಸಲ್ಲದು.

ಇದಕ್ಕೆ ಕೆಲಸ ಬಿಡಬೇಕಾಗಿಲ್ಲ. ಬಿಡಿಸಬೇಕಾದ ಮೆಣಸಿನಕಾಯಿಯನ್ನು ಒಮ್ಮೆಗೇ ಪಕ್ಕದಲ್ಲಿ ಸುರಿದುಕೊಳ್ಳದೆ, ಅರ್ಧ ಗಂಟೆಗೆ ಸಾಕಾಗುವಷ್ಟನ್ನು ಮೊರದಲ್ಲಿ ತಂದುಕೊಂಡರಾಯಿತು. ಮೊರ ಬರಿದಾದಾಗ ಎದ್ದು ಹೋಗಿ ತರಲೇಬೇಕು. ಅಂಗಳದಲ್ಲಿ ಎರಡು ಸುತ್ತು ನಡೆದು ಬಂದರೆ ಇನ್ನೂ ಒಳ್ಳೆಯದು.

ನಡಿಗೆಯ ಕ್ರಮ

ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಶ್ರಮ ಮತ್ತು ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಬೇಕು. ಕ್ಯಾನ್ಸರಿನಿಂದ ಗುಣವಾದವರಿಗೂ ಇದೇ ಗುರಿ. ಆದರೆ ಮೊದಲ ವಾರದಲ್ಲೇ ಅದನ್ನು ಮುಟ್ಟಲು ಹೋಗಬಾರದು. ಒಣಗಿದ ಸಸಿಗೆ ಒಂದೇ ದಿನ ಕಾಲುವೆ ತಿರುಗಿಸಿದಂತೆ ಆಗುತ್ತದೆ.

ವೈದ್ಯರ ಒಪ್ಪಿಗೆ ಪಡೆದು ಬೆಳಿಗ್ಗೆ 5 ನಿಮಿಷ, ಸಂಜೆ 5 ನಿಮಿಷದಿಂದ ಆರಂಭಿಸುವುದು ಕ್ಷೇಮ. ಮರುದಿನ ಹೆಚ್ಚಿನ ಆಯಾಸವಿಲ್ಲದಿದ್ದರೆ ವಾರಕ್ಕೊಮ್ಮೆ ಎರಡು ಮೂರು ನಿಮಿಷ ಏರಿಸಬೇಕು. ಕಿಮೊಥೆರಪಿಯ ನಡುವಿನ ಕೆಟ್ಟ ದಿನಗಳಲ್ಲಿ ಇಳಿಸಬಹುದು, ಪೂರ್ತಿ ನಿಲ್ಲಿಸಬೇಕಾಗಿಲ್ಲ. ನಡೆಯುವಾಗ ಮಾತನಾಡಲು ಸಾಧ್ಯವಾಗಬೇಕು, ಹಾಡಲು ಉಸಿರು ಸಾಲದಿರಬೇಕು. ಸಾಧಾರಣ ಶ್ರಮಕ್ಕೆ ಇದೇ ಅಳತೆ. ದೂರವನ್ನು ಹೊಲದಿಂದಲೇ ಅಳೆಯಬಹುದು. ಚೌಕಾಕಾರದ ಒಂದು ಎಕರೆಯ ಬದು ಸುತ್ತಿದರೆ ಸುಮಾರು 254 ಮೀಟರು, ನಾಲ್ಕು ಸುತ್ತಿಗೆ ಒಂದು ಕಿಲೋಮೀಟರು. ಆದರೆ ಪ್ಯಾಕ್ಲಿಟಾಕ್ಸೆಲ್‌ನಂಥ ಔಷಧದಿಂದ ಪಾದ ಜೋಮುಗಟ್ಟಿದವರು ಬದುವಿನ ಮೇಲೆ ನಡೆಯಬಾರದು. ಮುಳ್ಳು ಚುಚ್ಚಿದರೂ ಅವರಿಗೆ ತಿಳಿಯದೆ ಹೋಗಬಹುದು. ಅವರಿಗೆ ಚಪ್ಪಲಿ ಮೆಟ್ಟಿ ಊರ ಸಮತಟ್ಟು ರಸ್ತೆಯೇ ಲೇಸು. ಹಾಲಿನ ಡೈರಿಗೆ ಹೋಗಿಬರುವ ದಾರಿ ಇದಕ್ಕೆ ಬಹಳ ಅನುಕೂಲ. ಬೆಳಿಗ್ಗೆ, ಸಂಜೆ ಎರಡು ಹೊತ್ತೂ ಹೋಗಲೇಬೇಕಾದ ಕಾರಣವಿರುತ್ತದೆ, ನಾಲ್ಕು ಜನರ ಮುಖ ಕಾಣುತ್ತದೆ.

ಈ ಕಡೆಯ ಮಾತು ಸಣ್ಣದಲ್ಲ. ಎದೆಯ ಭಾಗ ಕಳೆದುಕೊಂಡ, ಕೂದಲು ಉದುರಿದ ಹೆಣ್ಣುಮಗಳು ಜನರ ನೋಟಕ್ಕೆ ಅಂಜಿ ಒಳಮನೆ ಸೇರುವುದುಂಟು. ಅಂಟುರೋಗವೆಂದು ದೂರವಿಡುವವರೂ ಇದ್ದಾರೆ. ಇದು ಅಂಟುರೋಗವಲ್ಲ. ಅತ್ತೆಯೋ ಓರಗಿತ್ತಿಯೋ ಜೊತೆಯಲ್ಲಿ ಹೊರಟರೆ ಮೊದಲ ದಿನದ ಕಷ್ಟ ಅರ್ಧ ಇಳಿಯುತ್ತದೆ.

ಕೈಯ ಬಗ್ಗೆ ಎಚ್ಚರ

ಕಂಕುಳಿನ ದುಗ್ಧರಸ ಗ್ರಂಥಿಗಳನ್ನು ತೆಗೆದಿದ್ದರೆ ಅಥವಾ ಅಲ್ಲಿಗೆ ವಿಕಿರಣ ಕೊಟ್ಟಿದ್ದರೆ ಆ ಕಡೆಯ ಕೈಯಲ್ಲಿ ನೀರು ಸರಿಯಾಗಿ ಬಸಿಯದೆ ಬಾವು ಬರಬಹುದು. ಬಸಿಗಾಲುವೆ ಮುಚ್ಚಿದ ಗದ್ದೆಯಲ್ಲಿ ನೀರು ನಿಲ್ಲುವ ಹಾಗೆ. ಈ ಭಯದಿಂದ ಹಿಂದೆ ಆ ಕೈಯಲ್ಲಿ ಭಾರ ಎತ್ತಲೇಬಾರದೆಂದು ಹೇಳುತ್ತಿದ್ದರು. ಅಮೆರಿಕದಲ್ಲಿ ಕೈಬಾವು ಇದ್ದ 141 ಮಹಿಳೆಯರ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಪ್ರಯೋಗ ಈ ನಂಬಿಕೆಯನ್ನು ಬದಲಿಸಿತು. ಮೇಲ್ವಿಚಾರಣೆಯಲ್ಲಿ ಹಗುರದಿಂದ ಆರಂಭಿಸಿ ನಿಧಾನವಾಗಿ ಭಾರ ಏರಿಸಿದವರಲ್ಲಿ ಬಾವು ಉಲ್ಬಣಿಸಿದ್ದು 14 ಶೇಕಡ, ಭಾರ ಎತ್ತದವರಲ್ಲಿ 29 ಶೇಕಡ.

ಹಾಗೆಂದು ಮನೆಗೆ ಬಂದ ವಾರವೇ ತುಂಬಿದ ಬಿಂದಿಗೆ ಎತ್ತಬಾರದು. ಗಾಯ ಮಾಯ್ದ ಮೇಲೆ ಗೋಡೆಯ ಮೇಲೆ ಬೆರಳುಗಳನ್ನು ಮೆಲ್ಲಗೆ ಏರಿಸುತ್ತ ಭುಜ ಸಡಿಲಿಸಬೇಕು. ನಂತರ, ವೈದ್ಯರು ಅಥವಾ ಫಿಸಿಯೊಥೆರಪಿಯವರು ತೋರಿಸಿದ ಮೇಲೆ, ಅರ್ಧ ಲೀಟರ್ ನೀರಿನ ಬಾಟಲಿ ಹಿಡಿದು ವಾರದಲ್ಲಿ ಎರಡು ದಿನ, ಹತ್ತು ಹತ್ತು ಸಲ ಎತ್ತಿ ಇಳಿಸುವ ಅಭ್ಯಾಸ. ಒಂದು ಲೀಟರ್ ನೀರು ಒಂದು ಕಿಲೋ ತೂಗುತ್ತದೆ. ಆದ್ದರಿಂದ ಬಿಂದಿಗೆಗೆ ನೀರನ್ನು ಅಳೆದು ಹಾಕಿದರೆ ಭಾರ ಏರಿಸುವುದು ಸುಲಭ. ಕೈ ಬಿಗಿತ, ಬಾವು ಹೆಚ್ಚಾದರೆ ಹಿಂದಿನ ಭಾರಕ್ಕೆ ಮರಳಿ ವೈದ್ಯರಿಗೆ ತೋರಿಸಬೇಕು.

ಆ ಕೈಗೆ ಕುಡುಗೋಲಿನ ಗಾಯ, ಮುಳ್ಳು, ಒಲೆಯ ಸುಟ್ಟಗಾಯ ಆಗದಂತೆ ನೋಡಿಕೊಳ್ಳಬೇಕು. ಜೋಳದ ಸೊಪ್ಪು, ಕಬ್ಬಿನ ರವುದಿ ಮುಟ್ಟುವಾಗ ತುಂಬುತೋಳಿನ ಅಂಗಿ ಮತ್ತು ಕೈಗವಸು ಅಗತ್ಯ. ಗಾಯವಾದರೆ ಸೋಪಿನಿಂದ ತೊಳೆಯಬೇಕು. ಕೈ ಕೆಂಪೇರಿ ಬಿಸಿಯಾಗಿ ಜ್ವರ ಬಂದರೆ ಅಂದೇ ಆಸ್ಪತ್ರೆಗೆ ಹೋಗಬೇಕು.

ಗ್ರಾಮಗಳಿಗೆ ಭೇಟಿ ಕೊಡುವ ವಿಸ್ತರಣಾ ಕಾರ್ಯಕರ್ತೆಯರು ಇಂಥ ಮನೆಗಳಲ್ಲಿ ಆಶಾ ಕಾರ್ಯಕರ್ತೆಯ ಜೊತೆಗೂಡಿ ವಿಚಾರಿಸುವುದು ಒಳಿತು. ನಡೆದ ನಿಮಿಷಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದಂತೆ ಬರೆದಿಡಲು ಹೇಳಬಹುದು, ಮುಂದಿನ ತಪಾಸಣೆಯಲ್ಲಿ ವೈದ್ಯರಿಗೂ ಅದು ಉಪಯೋಗಕ್ಕೆ ಬರುತ್ತದೆ. ಎದೆನೋವು, ಮಲಗಿದಾಗ ಉಸಿರು ಕಟ್ಟುವುದು, ಒಂದು ಕಾಲಿನ ಮೀನಖಂಡ ಮಾತ್ರ ಊದಿ ನೋಯುವುದು, ಬೆನ್ನುಮೂಳೆ ಅಥವಾ ಸೊಂಟದಲ್ಲಿ ರಾತ್ರಿಯೂ ಬಿಡದ ಹೊಸ ನೋವು ಇವುಗಳಲ್ಲಿ ಯಾವುದು ಕಂಡರೂ ನಡಿಗೆ ನಿಲ್ಲಿಸಿ ಚಿಕಿತ್ಸೆ ಕೊಟ್ಟ ವೈದ್ಯರನ್ನು ತಡಮಾಡದೆ ಕಾಣಬೇಕು. ಎದೆನೋವು, ಉಸಿರಾಟದ ತೊಂದರೆಗಳಿದ್ದರೆ ಹತ್ತಿರದ ಆಸ್ಪತ್ರೆಗೆ ಕೂಡಲೇ ಸಾಗಿಸಬೇಕು.